ವಿಂಡೋಸ್ ಇಲ್ಲದ ಮನೆಗೆ ಉಪಗ್ರಹ ಇಂಟರ್ನೆಟ್: ಮಲೆನಾಡಿನ ತೋಟದ ಮನೆಯವರಿಗೆ ಸಮಗ್ರ ಮಾರ್ಗದರ್ಶಿ

ಉಪಗ್ರಹ ಇಂಟರ್ನೆಟ್ ಮಾರಲು ಬಂದವರನ್ನು "ನಮ್ಮ ಮನೆಯಲ್ಲಿ ಲಿನಕ್ಸ್ ಲ್ಯಾಪ್‌ಟಾಪ್ ಇದೆ, ಮಗಳ ಹತ್ತಿರ ಮ್ಯಾಕ್ ಇದೆ, ನಡೆಯುತ್ತದೆಯೇ?" ಎಂದು ಕೇಳಿ ನೋಡಿ. "ಎಲ್ಲದಕ್ಕೂ ನಡೆಯುತ್ತದೆ ಸರ್" ಎನ್ನುತ್ತಾರೆ, ಇಲ್ಲವೇ "ವಿಂಡೋಸ್ ಇದ್ದರೆ ಒಳ್ಳೆಯದು ಸರ್" ಎನ್ನುತ್ತಾರೆ. ಎರಡು ಉತ್ತರದಿಂದಲೂ ಕೊಳ್ಳುವವನಿಗೆ ಉಪಯೋಗವಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಉಪಗ್ರಹದಿಂದ ಇಳಿದು ಬಂದ ಸಂಪರ್ಕ ನನ್ನ ಮನೆಯಲ್ಲಿ ಎಲ್ಲಿಗೆ ಬಂದು ನಿಲ್ಲುತ್ತದೆ? ಮೋಡೆಮ್‌ನ (ಡಿಶ್‌ನ ಸಿಗ್ನಲನ್ನು ಇಂಟರ್ನೆಟ್ ಸಂಪರ್ಕವಾಗಿ ಮಾರ್ಪಡಿಸುವ ಪೆಟ್ಟಿಗೆ) ಹಿಂಬದಿಯ ಈಥರ್ನೆಟ್ ಪೋರ್ಟ್‌ಗೋ, ಅಂದರೆ ಜಾಲದ ತಂತಿ ಚುಚ್ಚುವ ಕಿಂಡಿಗೋ, ಕಂಪ್ಯೂಟರ್‌ನೊಳಗೆ ಹಾಕಬೇಕಾದ ತಂತ್ರಾಂಶಕ್ಕೋ? ಮೊದಲನೆಯದಾದರೆ ನಿಮ್ಮ ಮನೆಯಲ್ಲಿ ವಿಂಡೋಸ್, ಲಿನಕ್ಸ್, ಮ್ಯಾಕ್ ಯಾವ ಕಾರ್ಯಾಚರಣಾ ವ್ಯವಸ್ಥೆ ಇದ್ದರೂ ಮೋಡೆಮ್‌ಗೆ ಅದರ ಗೊಡವೆಯಿಲ್ಲ. ಎರಡನೆಯದಾದರೆ ಆ ಮಾರಾಟಗಾರನಿಗೆ ಕಾಫಿ ಕೊಟ್ಟು ಕಳುಹಿಸಿಬಿಡಿ.

ವಿಂಡೋಸ್ ಬೇಕೆಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ ಡೈರೆಕ್‌ಪಿಸಿ ಎಂಬ ಸೇವೆ ಬಂದಾಗ ಅದರ ಉಪಕರಣವನ್ನು ನೇರವಾಗಿ ಕಂಪ್ಯೂಟರ್‌ಗೇ ಜೋಡಿಸಬೇಕಿತ್ತು, ತಂತ್ರಾಂಶ ವಿಂಡೋಸ್‌ನದು. ಬರುವ ದತ್ತಾಂಶ ಉಪಗ್ರಹದಿಂದ, ಹೋಗುವ ದತ್ತಾಂಶ ಟೆಲಿಫೋನ್ ತಂತಿಯಲ್ಲಿ. ಆಮೇಲೆ ಬಂದ ಯುಎಸ್‌ಬಿ ಮೋಡೆಮ್‌ಗಳಿಗೂ ಒಂದು ವಿಂಡೋಸ್ ಯಂತ್ರ ಬೇಕೇ ಬೇಕಿತ್ತು. ಮನೆಯ ಉಳಿದ ಕಂಪ್ಯೂಟರ್‌ಗಳೆಲ್ಲ ಅದರ ಮೂಲಕವೇ ಹೊರಗೆ ಹೋಗಬೇಕು, ಅದು ನಿಂತರೆ ಎಲ್ಲವೂ ನಿಲ್ಲಬೇಕು. 2000ದ ದಶಕದ ಮಧ್ಯಭಾಗದ ಹೊತ್ತಿಗೆ ಸ್ವತಂತ್ರ ಈಥರ್ನೆಟ್ ಮೋಡೆಮ್‌ಗಳು ಬಂದು ಈ ಕಾಟ ತಪ್ಪಿತು. ಈಗಿನ ಮೋಡೆಮ್ ತಾನೇ ಒಂದು ಸಣ್ಣ ಕಂಪ್ಯೂಟರ್. ಉಪಗ್ರಹದ ಜೊತೆಗಿನ ವ್ಯವಹಾರವನ್ನೆಲ್ಲ ತಾನೇ ನೋಡಿಕೊಂಡು, ಮನೆಯ ಕಡೆಗೆ ಸಾಧಾರಣ ಐಪಿ ವಿಳಾಸ (ಜಾಲದಲ್ಲಿ ಪ್ರತಿ ಯಂತ್ರದ ಗುರುತಿನ ಸಂಖ್ಯೆ) ಹಂಚುತ್ತದೆ.

ಹಾಗಾದರೆ ಲಿನಕ್ಸ್, ಮ್ಯಾಕ್ ಬಳಸುವವರಿಗೆ ತೊಡಕೇ ಇಲ್ಲವೇ? ಇದೆ, ಆದರೆ ಬೇರೆ ಜಾಗದಲ್ಲಿದೆ. ಅದಕ್ಕೆ ಬರುವ ಮೊದಲು ಇನ್ನೂ ದೊಡ್ಡ ಪ್ರಶ್ನೆಗಳು ಕೆಲವಿವೆ.

1. ಉಪಗ್ರಹ ನಿಜವಾಗಿಯೂ ಬೇಕೇ?

ಕಳಸ, ಕೊಟ್ಟಿಗೆಹಾರ, ಬಾಳೆಹೊನ್ನೂರು, ಶೃಂಗೇರಿ ಸುತ್ತಿನ ಅನೇಕ ತೋಟದ ಮನೆಗಳಿಗೆ ಮೊಬೈಲ್ ಸಿಗ್ನಲ್ ಗೇಟಿನವರೆಗೆ ಮಾತ್ರ ಬರುತ್ತದೆ. ಆದರೂ ಉಪಗ್ರಹ ಕೊನೆಯ ಆಯ್ಕೆಯಾಗಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಪಕ್ಕದ ಊರಿನ ಕೇಬಲ್‌ನವರು ಫೈಬರ್ ಎಲ್ಲಿಯವರೆಗೆ ಎಳೆದಿದ್ದಾರೆ ಎಂದು ವಿಚಾರಿಸಿ. ಮಾಳಿಗೆಯ ಮೇಲೆ ಅಥವಾ ಎತ್ತರದ ಕಂಬದ ಮೇಲೆ 4ಜಿ ಸಿಗ್ನಲ್ ಎರಡು ಕಡ್ಡಿಯಾದರೂ ಸಿಕ್ಕರೆ, ಹೊರಗೆ ಆಂಟೆನಾ ಇರುವ, ಸಿಮ್ ಹಾಕುವ ರೂಟರ್ ಒಂದನ್ನು ಪ್ರಯತ್ನಿಸಿ. ಎದುರು ಗುಡ್ಡದ ಮನೆಗೆ ಫೈಬರ್ ಬಂದಿದ್ದು, ಆ ಮನೆ ನಿಮ್ಮ ಮಾಳಿಗೆಯಿಂದ ಕಣ್ಣಿಗೆ ಕಾಣುತ್ತದೆ ಎಂದಾದರೆ 5 ಗಿಗಾಹರ್ಟ್ಸ್ ರೇಡಿಯೊ ಜೋಡಿಯಿಂದ ಕೆಲವು ಕಿಲೋಮೀಟರ್ ದೂರವನ್ನು ದಾಟಬಹುದು. ಕೇಬಲ್‌ನವರ ಒಪ್ಪಿಗೆ ಪಡೆದು, ನಿಮ್ಮ ಹೆಸರಿನಲ್ಲೇ ಸಂಪರ್ಕ ತೆಗೆದುಕೊಂಡು ಹೀಗೆ ಮಾಡಿದರೆ ತಗಾದೆ ಬರುವುದಿಲ್ಲ. ಈ ಮೂರೂ ಸೋತರೆ ಮುಂದಕ್ಕೆ ಓದಿ.

2. ಯಾವ ಎತ್ತರದ ಉಪಗ್ರಹ?

ಆಯ್ಕೆ ಇರುವುದು ಎರಡು ಜಾತಿಗಳ ನಡುವೆ. ಒಂದು ಭೂಸ್ಥಿರ ಉಪಗ್ರಹ. ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ, ನಮ್ಮ ಕಣ್ಣಿಗೆ ಕದಲದೆ ನಿಂತಂತೆ ತೋರುವಂಥದ್ದು. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ನೋಡಿಕೊಳ್ಳುತ್ತಿರುವುದು ಇಂಥ ಉಪಗ್ರಹಗಳನ್ನೇ. ನಮ್ಮ ಜಿಲ್ಲೆಗಳ ತಲೆಯ ಮೇಲಿನ ಇಂಟರ್ನೆಟ್‌ಗೆ ಪಕ್ಕದೂರಿನಿಂದಲೇ ಆದೇಶ ಹೋಗುತ್ತದೆ ಎನ್ನುವುದು ಸಣ್ಣ ಹೆಮ್ಮೆಯ ವಿಷಯ, ಅದರಿಂದ ಸಿಗ್ನಲ್ ಏನೂ ಹೆಚ್ಚುವುದಿಲ್ಲ ಅಷ್ಟೆ. ಹ್ಯೂಸ್ ಕಮ್ಯುನಿಕೇಷನ್ಸ್ ಇಂಡಿಯಾ 2022ರ ಸೆಪ್ಟೆಂಬರ್‌ನಲ್ಲಿ ಇಸ್ರೋದ ಜಿಸ್ಯಾಟ್-11 ಮತ್ತು ಜಿಸ್ಯಾಟ್-29 ಬಳಸಿ ಹೆಚ್ಚಿನ ಸಾಮರ್ಥ್ಯದ ಬ್ರಾಡ್‌ಬ್ಯಾಂಡ್ ಆರಂಭಿಸಿತು. 2024ರ ನವೆಂಬರ್‌ನಲ್ಲಿ ಸ್ಪೇಸ್‌ಎಕ್ಸ್‌ನ ಫಾಲ್ಕನ್-9 ರಾಕೆಟ್ ಹೊತ್ತೊಯ್ದ ಜಿಸ್ಯಾಟ್-20ರ ಒಟ್ಟು ಸಾಮರ್ಥ್ಯ ಸೆಕೆಂಡಿಗೆ 48 ಗಿಗಾಬಿಟ್.

ಇನ್ನೊಂದು ಕೆಳಕಕ್ಷೆಯ ಉಪಗ್ರಹಗಳ ಗುಂಪು. ಸ್ಟಾರ್‌ಲಿಂಕ್‌ನವು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ, ಯೂಟೆಲ್‌ಸ್ಯಾಟ್ ಒನ್‌ವೆಬ್‌ನವು ಸುಮಾರು 1,200 ಕಿಲೋಮೀಟರ್ ಎತ್ತರದಲ್ಲಿ ಓಡುತ್ತಿರುತ್ತವೆ. ಒಂದು ಮುಳುಗುವಷ್ಟರಲ್ಲಿ ಇನ್ನೊಂದು ಬಂದು ಕೈಗೂಡಿಸುತ್ತದೆ. ಒನ್‌ವೆಬ್‌ನ 72 ಉಪಗ್ರಹಗಳನ್ನು 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ಶ್ರೀಹರಿಕೋಟದಿಂದಲೇ ಹಾರಿಸಲಾಯಿತು. ಸ್ಟಾರ್‌ಲಿಂಕ್‌ಗೆ ಭಾರತದ ದೂರಸಂಪರ್ಕ ಇಲಾಖೆಯ ಪರವಾನಗಿ 2025ರ ಜೂನ್‌ನಲ್ಲೂ ಖಾಸಗಿ ಬಾಹ್ಯಾಕಾಶ ಚಟುವಟಿಕೆಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇನ್-ಸ್ಪೇಸ್‌ನ ಅನುಮತಿ ಜುಲೈಯಲ್ಲೂ ಸಿಕ್ಕಿತು.

ಇಲ್ಲೊಂದು ಎಚ್ಚರಿಕೆ. ಪರವಾನಗಿ ಸಿಕ್ಕಿತು ಎಂಬ ಸುದ್ದಿಗೂ ನಿಮ್ಮ ಮನೆಗೆ ಸಂಪರ್ಕ ಸಿಗುತ್ತದೆ ಎಂಬುದಕ್ಕೂ ನಡುವೆ ತರಂಗಾಂತರ ಹಂಚಿಕೆ, ಭೂ ಕೇಂದ್ರ, ಭದ್ರತಾ ಪರಿಶೀಲನೆ ಎಂಬ ಘಟ್ಟಗಳಿವೆ. 2021ರಲ್ಲಿ ಸ್ಟಾರ್‌ಲಿಂಕ್ ಪರವಾನಗಿಗೆ ಮೊದಲೇ ಮುಂಗಡ ಪಡೆಯಲು ಹೊರಟಾಗ ದೂರಸಂಪರ್ಕ ಇಲಾಖೆ ಜನರಿಗೆ ಎಚ್ಚರಿಕೆ ನೀಡಿತ್ತು, ಹಣ ಹಿಂದಿರುಗಿಸಬೇಕಾಯಿತು. ಆದ್ದರಿಂದ ನಿಮ್ಮ ಪಿನ್ ಕೋಡ್‌ಗೆ ಸೇವೆ ಈಗಲೇ ಇದೆ ಎಂದು ಕಂಪನಿಯ ಸ್ವಂತ ಜಾಲತಾಣದಲ್ಲಿ ಖಚಿತವಾಗುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ದುಬೈಯಿಂದ ನೆಂಟರು ಡಿಶ್ ತಂದುಕೊಡುತ್ತಾರೆ ಎಂಬ ಆಸೆಯನ್ನೂ ಬಿಡಿ. ಅನುಮತಿಯಿಲ್ಲದ ಉಪಗ್ರಹ ಉಪಕರಣ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ.

3. ವಿಳಂಬದ ಲೆಕ್ಕವನ್ನು ನಿಮ್ಮ ಕೆಲಸಕ್ಕೆ ಹೊಂದಿಸಿ

ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಇರುವುದು ವೇಗ, ಅಂದರೆ ಎಷ್ಟು ಎಂಬಿಪಿಎಸ್ ಎಂಬುದು. ಆದರೆ ಉಪಗ್ರಹ ಸಂಪರ್ಕದಲ್ಲಿ ದಿನನಿತ್ಯ ಕಾಡುವುದು ವಿಳಂಬ. ಭೂಸ್ಥಿರ ಉಪಗ್ರಹದ ಮೂಲಕ ನಿಮ್ಮ ಕೋರಿಕೆ ಮೇಲಕ್ಕೆ, ಕೆಳಕ್ಕೆ, ಅದರ ಉತ್ತರ ಮತ್ತೆ ಮೇಲಕ್ಕೆ, ಕೆಳಕ್ಕೆ ಹೋಗಬೇಕು. ನಾಲ್ಕು ಸಲ 35,786 ಎಂದರೆ ಸುಮಾರು 1,43,000 ಕಿಲೋಮೀಟರ್. ಬೆಳಕಿನ ವೇಗದಲ್ಲೇ ಹೋದರೂ ಅರ್ಧ ಸೆಕೆಂಡಿನ ಹತ್ತಿರ. ಉಪಕರಣಗಳ ತಡವನ್ನೂ ಕೂಡಿಸಿದರೆ 600 ಮಿಲಿಸೆಕೆಂಡ್ ಅಥವಾ ಅದಕ್ಕೂ ಹೆಚ್ಚು. ಇದನ್ನು ಯಾವ ಕಂಪನಿಯೂ, ಎಷ್ಟು ದುಬಾರಿ ಯೋಜನೆಯೂ ಕಡಿಮೆ ಮಾಡಲಾರದು. ಸ್ಟಾರ್‌ಲಿಂಕ್‌ನ ಕೆಳಕಕ್ಷೆಯಲ್ಲಿ ಅದೇ ನಾಲ್ಕು ಪಯಣಕ್ಕೆ ಹತ್ತು ಮಿಲಿಸೆಕೆಂಡಿಗಿಂತ ಕಡಿಮೆ ಸಾಕು. ಭೂ ಕೇಂದ್ರದ ದೂರ, ಸರದಿಯ ಕಾಯುವಿಕೆ ಸೇರಿ 25ರಿಂದ 60 ಮಿಲಿಸೆಕೆಂಡ್ ಆಗುತ್ತದೆ.

ಒಂದು ಸುರಕ್ಷಿತ ಜಾಲಪುಟ ತೆರೆಯಲು ಮೊದಲು ಹೆಸರಿನಿಂದ ವಿಳಾಸ ಹುಡುಕಬೇಕು, ಆಮೇಲೆ ಸಂಪರ್ಕ ಕುದುರಿಸಬೇಕು, ಗೂಢಲಿಪಿಯ ಒಪ್ಪಂದ ಆಗಬೇಕು, ಕೊನೆಗೆ ಪುಟ ಕೇಳಬೇಕು. ನಾಲ್ಕು ಸುತ್ತು. ಭೂಸ್ಥಿರ ಸಂಪರ್ಕದಲ್ಲಿ ಮೊದಲ ಅಕ್ಷರ ಕಾಣಿಸುವಷ್ಟರಲ್ಲಿ ಎರಡು ಸೆಕೆಂಡಿಗಿಂತ ಹೆಚ್ಚು ಕಳೆದಿರುತ್ತದೆ. ಬ್ಯಾಂಕ್ ಕೆಲಸ, ಕಾಫಿ ಧಾರಣೆ ನೋಡುವುದು, ಮಿಂಚಂಚೆ, ರೆಕಾರ್ಡ್ ಆದ ವಿಡಿಯೊ ಇವಕ್ಕೆ ಇದು ಸಹ್ಯ. ವಿಡಿಯೊ ಸಭೆಯಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ. ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಹೋಗಿ ಕೆಲಸ ಮಾಡುವ ಲಿನಕ್ಸ್ ಮಂದಿಗಂತೂ ಒತ್ತಿದ ಪ್ರತಿ ಕೀಲಿಯೂ ಅರ್ಧ ಸೆಕೆಂಡ್ ಬಿಟ್ಟು ತೆರೆಯ ಮೇಲೆ ಮೂಡುತ್ತದೆ. ಮಾಶ್ ಎಂಬ ತಂತ್ರಾಂಶ ಅಕ್ಷರಗಳನ್ನು ಮೊದಲೇ ಊಹಿಸಿ ತೋರಿಸಿ ಈ ಹಿಂಸೆಯನ್ನು ಸ್ವಲ್ಪ ಕಡಿಮೆ ಮಾಡುತ್ತದೆ.

ಮನೆಯಿಂದ ಬೆಂಗಳೂರಿನ ಕಚೇರಿ ಕೆಲಸ ಮಾಡುವವರು ಇದ್ದರೆ ಕೆಳಕಕ್ಷೆಗೆ ಕಾಯಿರಿ. ತೋಟದ ಲೆಕ್ಕಪತ್ರ, ವಾಟ್ಸ್‌ಆ್ಯಪ್, ಸಂಜೆಯ ಸುದ್ದಿ ಇಷ್ಟೇ ಬಳಕೆ ಎಂದರೆ ಭೂಸ್ಥಿರವೂ ಸಾಕಾಗುತ್ತದೆ.

4. ಆಕಾಶ ಅಳೆಯುವುದು

ಹಣ ಕೊಡುವ ಮೊದಲು ಮಾಡಬೇಕಾದ ಅತಿ ಮುಖ್ಯ ಕೆಲಸ ಇದು. ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ. ಬಯಲುಸೀಮೆಯಲ್ಲಿ ಡಿಶ್ ಎಲ್ಲಿಟ್ಟರೂ ಆಕಾಶ ಕಾಣುತ್ತದೆ. ನಮ್ಮಲ್ಲಿ ಮನೆಯ ನಾಲ್ಕೂ ಕಡೆ ಸಿಲ್ವರ್ ಓಕ್, ಅದರ ಮೇಲೆ ಮೆಣಸಿನ ಬಳ್ಳಿ, ಹಿಂದೆ ಹಲಸು, ಅತ್ತಿ.

ಚಿಕ್ಕಮಗಳೂರಿನ ಸುತ್ತ ನಿಂತು ನೋಡಿದರೆ ಪೂರ್ವ ರೇಖಾಂಶ 74 ಡಿಗ್ರಿಯಲ್ಲಿರುವ ಜಿಸ್ಯಾಟ್-11 ಬಹುತೇಕ ನೆತ್ತಿಯ ಮೇಲೇ ಇರುತ್ತದೆ: ದಿಕ್ಕು ದಕ್ಷಿಣ, ಸ್ವಲ್ಪ ಪಶ್ಚಿಮಕ್ಕೆ ವಾಲಿ, ನೆಲದಿಂದ ಎತ್ತರ ಸುಮಾರು 74 ಡಿಗ್ರಿ. 55 ಡಿಗ್ರಿಯಲ್ಲಿರುವ ಜಿಸ್ಯಾಟ್-29 ನೈಋತ್ಯ ದಿಕ್ಕಿನಿಂದ ಪಶ್ಚಿಮದ ಕಡೆಗೆ ಸರಿದು, ಸುಮಾರು 61 ಡಿಗ್ರಿ ಎತ್ತರದಲ್ಲಿ. ಇದರ ಅರ್ಥವನ್ನು ಮರದ ಭಾಷೆಯಲ್ಲಿ ಹೇಳೋಣ. ಡಿಶ್‌ಗಿಂತ 25 ಮೀಟರ್ ಎತ್ತರಕ್ಕೆ ಬೆಳೆದ ಮರ ದಕ್ಷಿಣಕ್ಕಿದ್ದರೆ, ಮೊದಲನೆಯ ಉಪಗ್ರಹಕ್ಕೆ ಡಿಶ್ ಅದರಿಂದ ಸುಮಾರು ಏಳೂವರೆ ಮೀಟರ್ ದೂರ ಇದ್ದರೆ ಸಾಕು. ಎರಡನೆಯದಕ್ಕೆ ಅದರ ದಿಕ್ಕಿನಲ್ಲಿ ಹದಿನಾಲ್ಕು ಮೀಟರ್ ಬೇಕು. ಕೊಂಬೆ ಹರಡಿದಷ್ಟನ್ನು ಇದಕ್ಕೆ ಕೂಡಿಸಿ. ಉಳಿದ ದಿಕ್ಕುಗಳಲ್ಲಿ ಮರ ಎಷ್ಟಿದ್ದರೂ ಚಿಂತೆಯಿಲ್ಲ.

ಕೆಳಕಕ್ಷೆಯ ಡಿಶ್‌ನ ಹಸಿವು ಇದಕ್ಕೆ ತದ್ವಿರುದ್ಧ. ಉಪಗ್ರಹಗಳು ಓಡುತ್ತಲೇ ಇರುವುದರಿಂದ ಅದಕ್ಕೆ ಆಕಾಶದ ದೊಡ್ಡ ತುಂಡೇ ಬೇಕು. ಸ್ಟಾರ್‌ಲಿಂಕ್‌ನ ಈಗಿನ ಸಾಮಾನ್ಯ ಡಿಶ್ ಸುಮಾರು 110 ಡಿಗ್ರಿ ಅಗಲ ನೋಡುತ್ತದೆ. ಮುಖ ನೇರ ಮೇಲಕ್ಕಿದೆ ಎಂದುಕೊಂಡರೆ ದಿಗಂತದಿಂದ 35 ಡಿಗ್ರಿಗಿಂತ ಮೇಲಿನದೆಲ್ಲ ತೆರವಾಗಿರಬೇಕು. ಅದೇ 25 ಮೀಟರ್ ಮರ ಈಗ ಕನಿಷ್ಠ 36 ಮೀಟರ್ ದೂರ ಇರಬೇಕು, ಅದೂ ಸುತ್ತಲೂ. ಹೊಸ ತಂತ್ರಜ್ಞಾನವೆಂದರೆ ಎಲ್ಲ ರೀತಿಯಲ್ಲೂ ಮೇಲು ಎಂದು ತಿಳಿದವರು ಗಮನಿಸಬೇಕಾದ್ದು ಇದು: ದಟ್ಟ ನೆರಳಿನ ತೋಟದ ನಡುವಿನ ಮನೆಗೆ ಹಳೆಯ ಭೂಸ್ಥಿರ ಡಿಶ್ಶೇ ಸುಲಭವಾಗಿ ಹೊಂದಬಹುದು. ಕೆಳಕಕ್ಷೆಗೆ ಮರದ ಒಂದು ತಲೆ ಅಡ್ಡ ಬಂದರೆ ಸಂಪರ್ಕ ಪೂರ್ತಿ ಹೋಗುವುದಿಲ್ಲ, ಉಪಗ್ರಹ ಆ ಮರದ ಹಿಂದೆ ಹಾದುಹೋಗುವಷ್ಟು ಹೊತ್ತು ಕಡಿಯುತ್ತದೆ. ಸಿನಿಮಾ ನೋಡುವವನಿಗೆ ಅದು ಗೊತ್ತೇ ಆಗದೆ ಹೋಗಬಹುದು, ಆನ್‌ಲೈನ್ ಪರೀಕ್ಷೆ ಬರೆಯುವ ಮಗುವಿಗೆ ಗೊತ್ತಾಗುತ್ತದೆ.

ಅಳೆಯುವುದು ಹೇಗೆ? ಭೂಸ್ಥಿರಕ್ಕೆ ಮೊಬೈಲ್‌ನ ದಿಕ್ಸೂಚಿ, ಕೋನ ಅಳೆಯುವ ಯಾವುದಾದರೂ ಆ್ಯಪ್ ಸಾಕು. ಮೊಬೈಲನ್ನು ಲೆಕ್ಕದ ದಿಕ್ಕಿಗೆ, ಲೆಕ್ಕದ ಕೋನಕ್ಕೆ ಹಿಡಿದು ಕ್ಯಾಮೆರಾದಲ್ಲಿ ಬರೀ ಆಕಾಶ ಕಾಣುತ್ತದೆಯೇ ನೋಡಿ. ಡಿಶ್ ತಟ್ಟೆಯ ಮುಖ ನೋಡಿ ದಿಕ್ಕು ಊಹಿಸಬೇಡಿ. ಆಫ್‌ಸೆಟ್ ಮಾದರಿಯ ತಟ್ಟೆ ಕಣ್ಣಿಗೆ ಕಾಣುವುದಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಮೇಲಕ್ಕೆ ನೋಡುತ್ತಿರುತ್ತದೆ. ಸ್ಟಾರ್‌ಲಿಂಕ್‌ನ ಆ್ಯಪ್‌ನಲ್ಲಿ ಕ್ಯಾಮೆರಾ ತಿರುಗಿಸಿ ಅಡೆತಡೆ ಪರೀಕ್ಷಿಸುವ ಸೌಲಭ್ಯವಿದೆ. ಅದು ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ನಡೆಯುತ್ತದೆ, ವಿಂಡೋಸ್ ಪ್ರಶ್ನೆಯೇ ಏಳುವುದಿಲ್ಲ.

ತೋಟದಲ್ಲಿ ತೆರೆದ ಆಕಾಶ ಸಿಗುವ ಒಂದು ಜಾಗ ಎಲ್ಲರಿಗೂ ಇರುತ್ತದೆ: ಕಾಫಿ ಒಣಗಿಸುವ ಕಣ. ಅದರ ಅಂಚಿನಲ್ಲಿ ಕಬ್ಬಿಣದ ಕಂಬ ನೆಟ್ಟು ಡಿಶ್ ಕೂರಿಸುವುದು ನನಗೆ ಕಂಡ ಅತ್ಯುತ್ತಮ ಜಾಗ. ಕಣದ ಮಧ್ಯಕ್ಕೆ ಹೋಗಬೇಡಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಅಲ್ಲಿ ಕಾಫಿ ಹರಡುವವರು ನಿಮ್ಮ ಕೇಬಲ್‌ಗೆ ದಾರಿ ಬಿಡುವುದಿಲ್ಲ. ಇನ್ನೊಂದು ಮಾತು, ಮರಗಸಿ (ನೆರಳು ಮರಗಳ ಕೊಂಬೆ ಸವರುವುದು) ಮುಗಿದ ಮರುದಿನ ಆಕಾಶ ಅಳೆದು ಸಂತೋಷಪಡಬೇಡಿ. ಚಿಗುರು ಮತ್ತೆ ಬರುತ್ತದೆ, ಒದ್ದೆ ಎಲೆ ಒಣ ಎಲೆಗಿಂತ ಹೆಚ್ಚು ಸಿಗ್ನಲ್ ನುಂಗುತ್ತದೆ. ಅಳತೆ ಮಾಡುವಾಗ ಮಳೆಗಾಲದ ಹಸಿರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಮಳೆಯ ಮಾತು ಬಂದಿತು. ಉಪಗ್ರಹಗಳು ಬಳಸುವ ಕೆಯು ಬ್ಯಾಂಡ್‌ನ ತರಂಗಗಳನ್ನು ಜೋರು ಮಳೆ ಹೀರುತ್ತದೆ, ಅದಕ್ಕಿಂತ ಮೇಲಿನ ಆವರ್ತನದ ಕೆಎ ಬ್ಯಾಂಡ್‌ನವನ್ನು ಇನ್ನೂ ಹೆಚ್ಚು. ಈಗಿನ ಮೋಡೆಮ್‌ಗಳು ಸಿಗ್ನಲ್ ಕುಗ್ಗಿದಾಗ ವೇಗವನ್ನು ತಗ್ಗಿಸಿ ಸಂಪರ್ಕ ಉಳಿಸಿಕೊಳ್ಳಲು ನೋಡುತ್ತವೆ, ಮುಸಲಧಾರೆಗೆ ಅದೂ ಸಾಲದು. ಇಡೀ ದಿನ ಹಿಡಿದು ಸುರಿಯುವ ಸೋನೆಯಲ್ಲಿ ಸಂಪರ್ಕ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಕಪ್ಪು ಮೋಡ ಕಟ್ಟಿ ಸುರಿಯುವ ಆ ಅರ್ಧ ಗಂಟೆ ನಿಲ್ಲುತ್ತದೆ. ನಮ್ಮಲ್ಲಿ ಭೂಸ್ಥಿರ ಉಪಗ್ರಹ ನೆತ್ತಿಯ ಹತ್ತಿರ ಇರುವುದರಿಂದ ತರಂಗ ಮಳೆಯೊಳಗೆ ಸಾಗುವ ದೂರ ಕಡಿಮೆ ಎಂಬುದು ಸಮಾಧಾನದ ವಿಷಯ. ಡಿಶ್ ಮೇಲೆ ಪಾಚಿ ಕಟ್ಟಲು ಬಿಡಬೇಡಿ.

5. ಮೋಡೆಮ್‌ನಿಂದ ಒಳಗೆ ನಿಮ್ಮದೇ ರಾಜ್ಯ

ಈಗ ಲಿನಕ್ಸ್, ಮ್ಯಾಕ್‌ಗಳ ವಿಷಯ. ನನ್ನ ಸಲಹೆ ಒಂದೇ: ಕಂಪನಿಯ ಮೋಡೆಮ್‌ನ ನಂತರ ನಿಮ್ಮ ಸ್ವಂತ ರೂಟರ್ ಇಡಿ, ಮನೆಯ ಎಲ್ಲ ಯಂತ್ರಗಳೂ ಅದಕ್ಕೇ ಸೇರಲಿ. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಬಲ್ಲ ರೂಟರ್ ಆದರೆ ಇನ್ನೂ ಒಳ್ಳೆಯದು. ಮುಂದೆ ಉಪಗ್ರಹ ಬಿಟ್ಟು ಫೈಬರ್‌ಗೆ ಹೋದರೆ ಒಂದು ತಂತಿ ಬದಲಾಯಿಸಿದರೆ ಮುಗಿಯಿತು. ಪ್ರಿಂಟರ್, ಟಿವಿ, ಕಡತಗಳನ್ನಿಡುವ ಸರ್ವರ್ ಯಾವುದನ್ನೂ ಮುಟ್ಟಬೇಕಾಗಿಲ್ಲ.

ಅದಕ್ಕಾಗಿ ಮೋಡೆಮ್‌ನಲ್ಲಿ ಈಥರ್ನೆಟ್ ಪೋರ್ಟ್ ಇದೆಯೇ ಎಂದು ಕಣ್ಣಾರೆ ನೋಡಿ. ಸ್ಟಾರ್‌ಲಿಂಕ್‌ನ ಎರಡನೇ ತಲೆಮಾರಿನ ರೂಟರ್‌ಗೆ ಪೋರ್ಟ್ ಇರಲಿಲ್ಲ, ಪ್ರತ್ಯೇಕ ಅಡಾಪ್ಟರ್ ಕೊಳ್ಳಬೇಕಿತ್ತು. ಮೂರನೇ ತಲೆಮಾರಿನದರಲ್ಲಿ ಎರಡು ಪೋರ್ಟ್ ಇವೆ. ಅದರಲ್ಲಿ ಬೈಪಾಸ್ ಎಂಬ ಆಯ್ಕೆ ಒತ್ತಿದರೆ ಕಂಪನಿಯ ರೂಟರ್ ಪಕ್ಕಕ್ಕೆ ಸರಿದು ನಿಮ್ಮದಕ್ಕೆ ದಾರಿ ಬಿಡುತ್ತದೆ. ಇಲ್ಲವಾದರೆ ಎರಡೂ ವಿಳಾಸ ಹಂಚಲು ಹೊರಟು ಒಳಗಿನ ಪ್ರಿಂಟರ್ ಒಬ್ಬರಿಗೆ ಕಂಡು ಇನ್ನೊಬ್ಬರಿಗೆ ಕಾಣದ ಗೊಂದಲ ಆಗುತ್ತದೆ.

ಮೋಡೆಮ್‌ನ ಸ್ಥಿತಿ ನೋಡುವ ಪುಟ ಬ್ರೌಸರ್‌ನಲ್ಲಿ ತೆರೆಯಬೇಕು. ಸ್ಟಾರ್‌ಲಿಂಕ್ ಡಿಶ್‌ನ ವಿಳಾಸ 192.168.100.1. ಬೇರೆಯವರದು ಯಾವುದೆಂದು ಕೇಳಿ ಮೋಡೆಮ್ ಮೇಲೇ ಬರೆದಿಡಿ. ನಿಮ್ಮ ಮನೆಯ ಜಾಲಕ್ಕೆ ಅದೇ ಸರಣಿಯ ವಿಳಾಸ ಕೊಟ್ಟರೆ ಘರ್ಷಣೆಯಾಗುತ್ತದೆ, ಆದ್ದರಿಂದ ಮನೆಗೆ 192.168.50 ಸರಣಿಯಂಥ ಬೇರೆಯದನ್ನು ಆರಿಸಿ. ಸಕ್ರಿಯಗೊಳಿಸಲು ವಿಂಡೋಸ್ ಕಡತವೊಂದನ್ನು ಓಡಿಸಬೇಕು ಎಂದು ಯಾರಾದರೂ ಹೇಳಿದರೆ ಅದು ಅಳವಡಿಸುವವನ ಅನುಕೂಲಕ್ಕೇ ಹೊರತು ಸಂಪರ್ಕದ ಅಗತ್ಯವಲ್ಲ. ಅವನ ಲ್ಯಾಪ್‌ಟಾಪ್‌ನಲ್ಲೇ ಮಾಡಿಕೊಡಲಿ. ಹೆಸರು, ಗುಪ್ತಪದ ಕೇಳುವ ಪಿಪಿಪಿಒಇ ಬಗೆಯ ಸಂಪರ್ಕವಾದರೆ ಅದನ್ನು ರೂಟರ್‌ನಲ್ಲೇ ತುಂಬಿಸಿ.

ಭೂಸ್ಥಿರ ಸಂಪರ್ಕದವರು ರೂಟರ್‌ನಲ್ಲಿ ಇನ್ನೆರಡು ಕೆಲಸ ಮಾಡಲೇಬೇಕು. ಒಂದು, ಹೆಸರು–ವಿಳಾಸಗಳ ನೆನಪನ್ನು ಮನೆಯಲ್ಲೇ ಇಟ್ಟುಕೊಳ್ಳುವ ಡಿಎನ್‌ಎಸ್ ಕ್ಯಾಶ್. ಡಿಎನ್‌ಎಸ್‌ಮಾಸ್ಕ್ ಅಥವಾ ಅನ್‌ಬೌಂಡ್ ಎಂಬ ತಂತ್ರಾಂಶ ಸಾಕು. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳಲು ಆಕಾಶಕ್ಕೆ ಹೋಗಿಬರುವ ಅರ್ಧ ಸೆಕೆಂಡ್ ಉಳಿಯುತ್ತದೆ. ಎರಡು, ಕೇಕ್ ಎಂಬ ಸರದಿ ನಿರ್ವಹಣೆ. ಒಬ್ಬರು ಫೋಟೊಗಳನ್ನು ಮೇಲೇರಿಸುತ್ತಿರುವಾಗ ಇನ್ನೊಬ್ಬರ ಪುಟ ನಿಂತುಹೋಗುವುದನ್ನು ಅದು ತಡೆಯುತ್ತದೆ. ಲಿನಕ್ಸ್‌ನಲ್ಲಿ ಬಿಬಿಆರ್ ಎಂಬ ದಟ್ಟಣೆ ನಿಯಂತ್ರಣವನ್ನು ಚಾಲೂ ಮಾಡಿ ಎಂದು ಹಲವರು ಸಲಹೆ ಕೊಡುತ್ತಾರೆ. ಕಳುಹಿಸುವವನ ಕಡೆ ಕೆಲಸ ಮಾಡುವ ತಂತ್ರ ಅದು. ನಿಮ್ಮ ಅಪ್‌ಲೋಡ್‌ಗೆ ನೆರವಾದೀತು, ಡೌನ್‌ಲೋಡ್‌ಗೆ ಏನೂ ಆಗುವುದಿಲ್ಲ.

6. ವಿಪಿಎನ್ ಮತ್ತು ಹೊರಗಿನಿಂದ ಒಳಗೆ ಬರುವ ದಾರಿ

ಭೂಸ್ಥಿರ ಮೋಡೆಮ್‌ಗಳು ವಿಳಂಬವನ್ನು ಮರೆಮಾಚಲು ಒಂದು ಉಪಾಯ ಮಾಡುತ್ತವೆ. ಅತ್ತಲಿಂದ ಸ್ವೀಕೃತಿ ಬರುವ ಮೊದಲೇ ಮೋಡೆಮ್ ತಾನೇ "ತಲುಪಿತು" ಎಂದು ನಿಮ್ಮ ಕಂಪ್ಯೂಟರ್‌ಗೆ ಹೇಳಿ, ಮುಂದಿನ ಕಂತು ಕಳುಹಿಸುವಂತೆ ಮಾಡುತ್ತದೆ. ಕಚೇರಿಯ ಜಾಲಕ್ಕೆ ಗೂಢಲಿಪಿಯ ಸುರಂಗ ಕಟ್ಟುವ ವಿಪಿಎನ್ ಹಾಕಿದ ಕೂಡಲೇ ಎಲ್ಲವೂ ಗೂಢಲಿಪಿಯಾಗಿ ಮೋಡೆಮ್‌ಗೆ ಒಳಗೇನಿದೆ ಎಂದು ಕಾಣುವುದಿಲ್ಲ, ಉಪಾಯ ಕೆಲಸ ಮಾಡುವುದಿಲ್ಲ. ಸ್ವೀಕೃತಿ ಬರುವವರೆಗೆ 64 ಕಿಲೋಬೈಟ್ ಮಾತ್ರ ಕಳುಹಿಸುವ ಹಳೆಯ ಮಿತಿಯಲ್ಲಿ ಸಾಗುವ ಒಂದು ಸಂಪರ್ಕ 600 ಮಿಲಿಸೆಕೆಂಡ್ ವಿಳಂಬದಲ್ಲಿ ಒಂದು ಎಂಬಿಪಿಎಸ್ ಕೂಡ ಮುಟ್ಟುವುದಿಲ್ಲ, ನೀವು ಎಷ್ಟೇ ದೊಡ್ಡ ಯೋಜನೆಗೆ ಹಣ ಕಟ್ಟಿದ್ದರೂ. ಕಚೇರಿಯ ವಿಪಿಎನ್ ಕಡ್ಡಾಯವಾಗಿದ್ದವರು ಅಳವಡಿಸುವ ದಿನವೇ ಅದನ್ನು ಪರೀಕ್ಷಿಸಿ.

ಇನ್ನೊಂದು ತೊಡಕು ಹಂಚಿಕೆಯ ಐಪಿ ವಿಳಾಸ. ರೂಟರ್‌ನ ಹೊರಮುಖದ ವಿಳಾಸ 100.64ರಿಂದ 100.127ರ ನಡುವೆ ಆರಂಭವಾದರೆ ನಿಮಗೆ ಸಿಕ್ಕಿರುವುದು ಹಲವರ ಜೊತೆ ಹಂಚಿಕೊಂಡ ವಿಳಾಸ ಎಂದು ತಿಳಿಯಿರಿ. ಬೆಂಗಳೂರಿನಲ್ಲಿರುವ ಮಕ್ಕಳು ತೋಟದ ಕ್ಯಾಮೆರಾ ನೋಡಲು, ಮನೆಯ ಲಿನಕ್ಸ್ ಸರ್ವರ್‌ಗೆ ಬರಲು ನೇರ ದಾರಿ ಇರುವುದಿಲ್ಲ. ರೂಟರ್‌ನಲ್ಲಿ ಪೋರ್ಟ್ ತೆರೆದರೂ ಫಲವಿಲ್ಲ. ಪರಿಹಾರ ಮೂರು: ಪ್ರತಿ ಯಂತ್ರಕ್ಕೂ ಸ್ವಂತ ವಿಳಾಸ ಸಿಗುವ ಹೊಸ ಪದ್ಧತಿ ಐಪಿವಿ6 ಕೊಡುತ್ತಾರೆಯೇ ಎಂದು ಕೇಳುವುದು, ಹೆಚ್ಚುವರಿ ಹಣ ಕೊಟ್ಟು ಸ್ಥಿರ ವಿಳಾಸ ಪಡೆಯುವುದು, ಅಥವಾ ಟೇಲ್‌ಸ್ಕೇಲ್, ವೈರ್‌ಗಾರ್ಡ್‌ನಂಥ ವಿಪಿಎನ್ ಸುರಂಗವನ್ನು ಮನೆಯ ಒಳಗಿನಿಂದ ಹೊರಕ್ಕೆ ಕಟ್ಟುವುದು. ಮೂರನೆಯದು ಅಗ್ಗ, ಲಿನಕ್ಸ್ ಬಲ್ಲವರಿಗೆ ಅರ್ಧ ದಿನದ ಕೆಲಸ.

7. ದತ್ತಾಂಶದ ಮಿತಿ

ಯೋಜನೆಯ ಬೆಲೆ ಕೇಳುವಾಗ ತಿಂಗಳ ಮಿತಿ, ಮಿತಿ ದಾಟಿದ ಮೇಲಿನ ವೇಗ, 18% ಜಿಎಸ್‌ಟಿ ಸೇರಿದೆಯೇ ಎಂಬ ಮೂರನ್ನೂ ಕೇಳಿ. ಎಚ್‌ಡಿ ಸಿನಿಮಾ ಗಂಟೆಗೆ 3 ಜಿಬಿಯವರೆಗೆ ತಿನ್ನಬಹುದು. ಮ್ಯಾಕ್‌ನ ದೊಡ್ಡ ನವೀಕರಣ ಹತ್ತು ಜಿಬಿ ದಾಟುತ್ತದೆ, ಯಾರನ್ನೂ ಕೇಳದೆ ಹಿನ್ನೆಲೆಯಲ್ಲಿ ಇಳಿದುಬಿಡುತ್ತದೆ. ಮ್ಯಾಕ್‌ನ ವೈಫೈ ಸಿದ್ಧತೆಯಲ್ಲಿ ಕಡಿಮೆ ದತ್ತಾಂಶದ ಆಯ್ಕೆ ಒತ್ತಿ. ಒಂದಕ್ಕಿಂತ ಹೆಚ್ಚು ಆ್ಯಪಲ್ ಯಂತ್ರಗಳಿದ್ದರೆ ಒಂದರಲ್ಲಿ ಕಂಟೆಂಟ್ ಕ್ಯಾಶಿಂಗ್ (ಒಮ್ಮೆ ಇಳಿಸಿದ್ದನ್ನು ಉಳಿದ ಯಂತ್ರಗಳಿಗೂ ಹಂಚುವ ಸೌಲಭ್ಯ) ಚಾಲೂ ಮಾಡಿ. ಲಿನಕ್ಸ್‌ನ ಗ್ನೋಮ್ ಎಂಬ ಡೆಸ್ಕ್‌ಟಾಪ್‌ನಲ್ಲಿ ಸಂಪರ್ಕವನ್ನು ಮಿತಿಯುಳ್ಳದ್ದು ಎಂದು ಗುರುತಿಸಬಹುದು. ಉಬುಂಟು ಲಿನಕ್ಸ್ ಯಂತ್ರಗಳು ಹಲವಿದ್ದರೆ ಆಪ್ಟ್-ಕ್ಯಾಶರ್-ಎನ್‌ಜಿ ಎಂಬ ತಂತ್ರಾಂಶ ಹಾಕಿದ ಒಂದು ಹಳೆಯ ಲ್ಯಾಪ್‌ಟಾಪ್ ಅದೇ ಕಡತವನ್ನು ಮತ್ತೆ ಮತ್ತೆ ಇಳಿಸುವುದನ್ನು ತಪ್ಪಿಸುತ್ತದೆ.

8. ವಿದ್ಯುತ್, ಸಿಡಿಲು, ಕೇಬಲ್

ಸ್ಟಾರ್‌ಲಿಂಕ್‌ನ ಸಾಮಾನ್ಯ ಡಿಶ್ 75ರಿಂದ 100 ವ್ಯಾಟ್ ಎಳೆಯುತ್ತದೆ. ಹಗಲು ರಾತ್ರಿ 75 ವ್ಯಾಟ್ ಎಂದರೆ ದಿನಕ್ಕೆ 1.8 ಯೂನಿಟ್, ತಿಂಗಳಿಗೆ 54. ಮಿನಿ ಮಾದರಿ 25ರಿಂದ 40 ವ್ಯಾಟ್‌ನಲ್ಲಿ ಮುಗಿಸುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಮೆಸ್ಕಾಂ ತಂತಿ ಕಡಿದರೆ ದಿನಗಟ್ಟಲೆ ಕತ್ತಲು ಎಂಬುದು ಎಲ್ಲರಿಗೂ ಗೊತ್ತು. ಒಳ್ಳೆಯ ಸ್ಥಿತಿಯ 150 ಆಂಪಿಯರ್-ಅವರ್ ಬ್ಯಾಟರಿ, ಬೇರೇನೂ ಓಡದಿದ್ದರೆ, 75 ವ್ಯಾಟ್‌ನ ಡಿಶ್ಶನ್ನು ಹತ್ತು–ಹನ್ನೊಂದು ಗಂಟೆ ನಡೆಸೀತು. ದಿನಕ್ಕೆ ಐದು ಗಂಟೆ ಮಾತ್ರ ಡಿಶ್ ಹಾಕಿ ಉಳಿದ ಹೊತ್ತು ಆರಿಸಿಟ್ಟರೆ ಎರಡು ದಿನ ತಳ್ಳಬಹುದು.

ಸಿಡಿಲಿನದು ಬೇರೆ ಅಧ್ಯಾಯ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಎತ್ತರದ ಕಂಬ, ಅದರಿಂದ ಮನೆಯೊಳಗೆ ಬರುವ ತಾಮ್ರದ ತಂತಿ ಎರಡೂ ಆಹ್ವಾನವಿದ್ದಂತೆ. ಕಂಬಕ್ಕೆ ಪ್ರತ್ಯೇಕ ಅರ್ಥಿಂಗ್ ಕೊಡಿಸಿ, ಅದನ್ನು ಮನೆಯ ಅರ್ಥಿಂಗ್‌ಗೂ ಜೋಡಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಕಣ ಮನೆಯಿಂದ ದೂರವಿದ್ದರೆ ಡಿಶ್ ಕಣದ ಕಂಬದ ಮೇಲಿರಲಿ, ಮೋಡೆಮನ್ನು ಪಕ್ಕದ ಗೋದಾಮಿನಲ್ಲಿಟ್ಟು, ಅಲ್ಲಿಂದ ಮನೆಗೆ ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನು ಈಥರ್ನೆಟ್ ಸಂಕೇತವಾಗಿ ಬದಲಿಸುವ ಪೆಟ್ಟಿಗೆ) ಹಾಕಿ. ಈಥರ್ನೆಟ್ ತಾಮ್ರದ ತಂತಿಗೆ 100 ಮೀಟರ್ ಮಿತಿ ಇದೆ, ಫೈಬರ್‌ಗೆ ಇಷ್ಟು ದೂರ ಲೆಕ್ಕಕ್ಕೇ ಇಲ್ಲ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಡಿಶ್‌ಗೆ ಸಿಡಿಲು ಬಡಿದರೂ ಅದು ಈ ಕೇಬಲ್ ಹಿಡಿದು ಮನೆಗೆ ಬರುವುದಿಲ್ಲ. ಮನೆಯ ಟಿವಿ, ಕಂಪ್ಯೂಟರ್ ಉಳಿಯುವ ಸಾಧ್ಯತೆ ಹೆಚ್ಚು. ಕೇಬಲ್ಲನ್ನು ಎಚ್‌ಡಿಪಿಇ ಪೈಪಿನೊಳಗೆ ಹೂಳಿ. ನೆಲದ ಮೇಲೆ ಬಿಟ್ಟರೆ ಹೆಗ್ಗಣ, ಮೇಲೆ ಎಳೆದರೆ ಮಂಗ.

9. ಅಳವಡಿಸುವ ದಿನ

ಬಂದವರು "ವಿಂಡೋಸ್ ಕಂಪ್ಯೂಟರ್ ಕೊಡಿ" ಎಂದರೆ ವಾದ ಬೇಡ, ಮೊಬೈಲ್ ಕೊಡಿ. ಸಹಾಯವಾಣಿಗೆ ಕರೆ ಮಾಡಿದಾಗಲೂ ಅಷ್ಟೆ. "ಲಿನಕ್ಸ್" ಎಂಬ ಶಬ್ದ ಕೇಳಿದೊಡನೆ ಅವರಿಗೆ ದೂರನ್ನು ಮುಚ್ಚಲು ಒಂದು ನೆಪ ಸಿಗುತ್ತದೆ. ಮೋಡೆಮ್‌ಗೆ ನೇರವಾಗಿ ಒಂದು ಯಂತ್ರವನ್ನು ತಂತಿಯಿಂದ ಜೋಡಿಸಿ, ನಿಮ್ಮ ರೂಟರ್ ನಡುವೆ ಇಲ್ಲದಿರುವಾಗಲೂ ತೊಂದರೆ ಇದೆ ಎಂದು ತೋರಿಸಿಕೊಟ್ಟರೆ ಅವರ ಬಾಯಿ ಕಟ್ಟುತ್ತದೆ.

ಸಹಿ ಹಾಕುವ ಮೊದಲು ಮೋಡೆಮ್‌ನ ಪುಟದಲ್ಲಿ ಸಿಗ್ನಲ್ ಮಟ್ಟದ ಫೋಟೊ ತೆಗೆದಿಡಿ. ಟರ್ಮಿನಲ್‌ನಲ್ಲಿ ಹತ್ತು ನಿಮಿಷ ಪಿಂಗ್ (ಸಣ್ಣ ಸಂದೇಶ ಕಳುಹಿಸಿ ಉತ್ತರದ ಸಮಯ ಅಳೆಯುವ ಆಜ್ಞೆ) ಓಡಿಸಿ ಎಷ್ಟು ಕಳೆದುಹೋಯಿತು, ವಿಳಂಬ ಎಷ್ಟು ಏರಿಳಿಯಿತು ನೋಡಿ. ಮ್ಯಾಕ್‌ನಲ್ಲಿ 2021ರ ಮಾಂಟೆರಿ ಆವೃತ್ತಿಯಿಂದೀಚೆಗೆ ನೆಟ್‌ವರ್ಕ್‌ಕ್ವಾಲಿಟಿ ಎಂಬ ಆಜ್ಞೆ ಇದೆ, ಒತ್ತಡದಲ್ಲಿ ಸಂಪರ್ಕ ಹೇಗೆ ವರ್ತಿಸುತ್ತದೆ ಎಂದು ಹೇಳುತ್ತದೆ. ಒಂದು ವಿಡಿಯೊ ಕರೆ ಮಾಡಿ, ವಿಪಿಎನ್ ಹಾಕಿ ಮತ್ತೊಮ್ಮೆ ಮಾಡಿ. ಇದೇ ಪರೀಕ್ಷೆಯನ್ನು ರಾತ್ರಿ ಎಂಟರಿಂದ ಹತ್ತರ ನಡುವೆ, ಎಲ್ಲರೂ ಬಳಸುವ ಹೊತ್ತಿನಲ್ಲಿ ಪುನಃ ಮಾಡಿ. ಹಗಲಿನ ಅಂಕಿಗಿಂತ ನಿಮಗೆ ಮುಖ್ಯವಾದದ್ದು ಅದು.

ಉಪಕರಣ ಬಾಡಿಗೆಯೋ ಸ್ವಂತವೋ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ ಹಿಂದಕ್ಕೆ, ಮಳೆಗಾಲದಲ್ಲಿ ಡಿಶ್ ದಿಕ್ಕು ತಪ್ಪಿದರೆ ಸರಿಪಡಿಸಲು ಎಲ್ಲಿಂದ, ಎಷ್ಟು ದಿನದಲ್ಲಿ ಬರುತ್ತಾರೆ, ಅದಕ್ಕೆ ಶುಲ್ಕವೆಷ್ಟು ಇವೆಲ್ಲ ಬರಹದಲ್ಲಿರಲಿ. ದೂರು ಕೊಟ್ಟಾಗಲೆಲ್ಲ ಡಾಕೆಟ್ ಸಂಖ್ಯೆ ಪಡೆಯಿರಿ. ಸಹಾಯವಾಣಿಯಲ್ಲಿ ಪರಿಹಾರ ಸಿಗದಿದ್ದರೆ ಅದೇ ಸಂಖ್ಯೆಯೊಂದಿಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು; ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆಗ ಮೊದಲ ದಿನ ತೆಗೆದಿಟ್ಟ ಸಿಗ್ನಲ್‌ನ ಫೋಟೊ, ರಾತ್ರಿಯ ಪಿಂಗ್ ದಾಖಲೆ ಎರಡನ್ನೂ ದೂರಿನ ಜೊತೆ ಲಗತ್ತಿಸಿ.